ಓಡುವ ಗಾಡಿಗೆ ತಾವು ದಯಪಾಲಿಸಿದ ಆಂಟೆನಾ

ಗಗನಸಖಿ ಆಂಟೆನಾ ಕಂಪನಿಯ ಆಡಳಿತ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ಆಕಾಶದೊಡನೆ ನೇರ ವ್ಯವಹಾರವಿರುವ ತಮಗೆ, ಪೀಣ್ಯದ ಲೇತ್ ಮಷೀನಿನ ಮುಂದೆ ನಿಂತೇ ಅರ್ಧ ಆಯುಷ್ಯ ಕಳೆದ ಹನುಮೇಶನ ನಮಸ್ಕಾರಗಳು. ತಾವೂ ತಮ್ಮ ಉಪಗ್ರಹಗಳೂ ಕ್ಷೇಮವೆಂದು ನಂಬಿದ್ದೇನೆ.

ರಾಜಗೋಪಾಲನಗರದ ಬಾಡಿಗೆ ಕೋಣೆಯಲ್ಲಿರುವ ನಾನೂ ನನ್ನ ಹೆಂಡತಿ ಮಹಾನಂದಾಳೂ, ಕಾರ್ಖಾನೆಯೊಂದು ಮಾರಿದ ಹಳೆಯ ಮಿನಿ ಬಸ್ಸಿಗೆ ಮಂಚ, ಒಲೆ, ಟೀವಿ ಕೂರಿಸಿ ಚಕ್ರದ ಮೇಲೊಂದು ಮನೆ ಮಾಡಿಕೊಂಡಿದ್ದೇವೆ. ಕಳೆದ ತಿಂಗಳು ಒಂದೇ ಭಾನುವಾರ ಎರಡು ಕೆಲಸ ಬಂದವು: ಕಣ್ಣಿನ ಪೊರೆ ತೆಗೆಸಿಕೊಂಡ ನನ್ನ ಅವ್ವ ಮಲಕವ್ವನನ್ನು ಸರ್ಜಾಪುರದಾಚೆಯ ಆಸ್ಪತ್ರೆಯಲ್ಲಿ ತೋರಿಸುವುದು, ಮತ್ತು ದೂರದ ಊರಿನಲ್ಲಿ ಖೋ-ಖೋ ಫೈನಲ್ ಆಡುವ ನಮ್ಮ ಮಗಳು ಮಹಾದೇವಿಯನ್ನು ಟೀವಿಯಲ್ಲಿ ನೋಡುವುದು. ಮೊಬೈಲಿನಲ್ಲಿ ಅವ್ವನಿಗೆ ಮನುಷ್ಯರು ಇರುವೆಗಳಂತೆ ಕಾಣುತ್ತಾರೆ. ಪೊರೆಯ ಹಿಂದೆ ಮೂರು ವರ್ಷ ಕಳೆದ ಆಕೆ ಮೊಮ್ಮಗಳ ಆಟವನ್ನು ಒಮ್ಮೆಯೂ ಕಂಡಿರಲಿಲ್ಲ.

ಹೀಗಾಗಿ ಗಾಡಿಗೊಂದು ಆಂಟೆನಾ ಆರಿಸಲು ಹೊರಟೆವು. ಅಂಗಡಿಯ ಅಂಬರೀಶ್ ಸಾದಾ ಡಿಶ್ಶನ್ನು ಬದಿಗಿಟ್ಟು, "ಅಣ್ಣ, ಇದನ್ನ ಹಾಕಿದ್ರೆ ಗಾಡಿ ತಿರುಗ್ದಾಗೆಲ್ಲ ನೀವು ಮೇಲೆ ಹತ್ತಿ ತಿರುಗಿಸ್ಬೇಕು. ಈ ಗುಮ್ಮಟದ ಥರದ ಆಂಟೆನಾ ತಗೊಳ್ಳಿ, ಓಡ್ತಿರೋವಾಗ್ಲೇ ಸಿಗ್ನಲ್ ಹಿಡಿಯುತ್ತೆ" ಎಂದರು. "ಮೊದ್ಲ ಒಂದ್ಸಲ ಹಚ್ಚಿ ನೋಡೂಣ್ರಿ" ಅಂದಳು ಮಹಾನಂದಾ. ತಮ್ಮ ಡಬ್ಬದ ಮೇಲೆ ಹಿಮಾಲಯದ ಮುಂದೆ ನಗುತ್ತಿದ್ದ ಕುಟುಂಬವನ್ನು ಕಂಡು ಮರುಳಾದ ನಾನು ಆಕೆಯ ಮಾತು ಕೇಳಲಿಲ್ಲ.

ಆಸ್ಪತ್ರೆ ಮುಗಿಸಿ ಹೊರಟಾಗ ಪಂದ್ಯ ಶುರುವಾಗಿತ್ತು. ತಮ್ಮ ಗುಮ್ಮಟವು ಗಿರಗಿರ ಸದ್ದು ಮಾಡುತ್ತ ಅಪಾರ ತಾಳ್ಮೆಯಿಂದ ಉಪಗ್ರಹವನ್ನು ಹುಡುಕಿತು. ಟೀವಿಯಲ್ಲಿ 'ಸಿಗ್ನಲ್ ಇಲ್ಲ' ಎಂಬ ಎರಡು ಪದಗಳು ಯಾವ ಅಡಚಣೆಯೂ ಇಲ್ಲದೆ, ಮುತ್ತಿನಂತೆ ಮೂಡಿದ್ದಕ್ಕಾಗಿ ತಮ್ಮನ್ನು ಅಭಿನಂದಿಸುತ್ತೇನೆ. ತಮ್ಮ ಸಹಾಯವಾಣಿಯ ವೇಣಿ ಮೇಡಂ, "ಸಾರ್, ಗಾಡಿ ನಿಲ್ಸಿ. ಸುತ್ತ ಬಿಲ್ಡಿಂಗು, ಮರ ಏನೂ ಇರ್ಬಾರ್ದು ಸಾರ್" ಎಂದರು. ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟುಗಳನ್ನು ಅರ್ಧ ಗಂಟೆ ಮಟ್ಟಿಗೆ ಪಕ್ಕಕ್ಕೆ ಸರಿಸುವಂತೆ ತಾವು ಬಿಲ್ಡರುಗಳಿಗೆ ಒಂದು ಮಾತು ಹೇಳಿದ್ದರೆ, ಅಥವಾ ಉಪಗ್ರಹವನ್ನೇ ಕೆಳಗಿಳಿಸಿ ನಮ್ಮ ಗಾಡಿಯ ಹಿಂದೆ ಕಳುಹಿಸಿದ್ದರೆ ದೊಡ್ಡ ಉಪಕಾರವಾಗುತ್ತಿತ್ತು.

ಅವ್ವ "ಮಾದೇವಿ ಬಂದ್ಳೇನು?" ಎಂದು ಕೇಳುತ್ತಲೇ ಇದ್ದಳು. ಮಹಾನಂದಾಳ ಕಡೆ ನೋಡುವ ಮುಖ ನನಗಿರಲಿಲ್ಲ. ಕೊನೆಗೆ ಒಂದು ಹಳೆಯ ಮನೆಯ ಮುಂದೆ ಗಾಡಿ ನಿಲ್ಲಿಸಿ, ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಸೊಣ್ಣಮ್ಮನವರೆಂಬ ಅಪರಿಚಿತರಲ್ಲಿ ಸಂಗತಿ ಹೇಳಿಕೊಂಡೆ. "ಅದ್ಕೇನಣ್ಣ, ಅಜ್ಜೀನ ಉಸಾರಾಗಿ ಇಳ್ಸು" ಎಂದವರೇ ಎದ್ದು ಬಂದು ಅವ್ವನ ಕೈ ಹಿಡಿದರು. ಅವರ ಮನೆಯ ಮೇಲಿದ್ದದ್ದು ತುಕ್ಕು ಹಿಡಿದ ಸಾದಾ ಡಿಶ್ಶು.

ಕೊನೆಯ ಆರು ನಿಮಿಷ ಸಿಕ್ಕಿತು. ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗಿಯರ ನಡುವೆ, ಮುಖ ಕಾಣುವ ಮೊದಲೇ ಅವ್ವ ಎದ್ದು ನಿಂತು, "ಅಕೀನ ನೋಡ! ಥೇಟ್ ನಿಮ್ಮಪ್ಪನಂಗ ಓಡಾಕತ್ತಾಳ!" ಎಂದು ಕೂಗಿದಳು. ತಂಡ ಒಂದೇ ಅಂಕದಿಂದ ಸೋತಿತು, ಮಹಾನಂದಾ ಅತ್ತಳು. ಕಣ್ಣು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರಿಂದ ಅವ್ವ ಕೆನ್ನೆಯನ್ನಷ್ಟೇ ಒರೆಸಿಕೊಂಡು, "ಸೋತ್ರ ಸೋಲ್ಲಿ ಬಿಡ, ನಾ ನೋಡಿದ್ನಲ್ಲ" ಅಂದಳು.

ಆದ್ದರಿಂದ ಗುಮ್ಮಟವನ್ನು ಹಿಂದಕ್ಕೆ ಪಡೆದು, ಸೊಣ್ಣಮ್ಮನವರನ್ನು ತಮ್ಮ ಸಹಾಯವಾಣಿಯ ಮುಖ್ಯಸ್ಥರನ್ನಾಗಿ ನೇಮಿಸಿಕೊಳ್ಳಬೇಕೆಂದು ಪ್ರಾರ್ಥಿಸುವ,

ಯಾವ ದಿಕ್ಕಿಗೆ ತಿರುಗಿದರೂ ತಮ್ಮ ವಿಶ್ವಾಸಿ,
ಹನುಮೇಶ

ತಾ.ಕ.: ತಮ್ಮ ಆಂಟೆನಾ ಕೊಳ್ಳಬಲ್ಲ ಹತ್ತು ಮಂದಿ ಬಂಧುಗಳ ಫೋನ್ ನಂಬರು ಕಳಿಸುವಂತೆ ನಿನ್ನೆ ತಮ್ಮಿಂದ ಸಂದೇಶ ಬಂದಿದೆ. ಕ್ಷಮಿಸಬೇಕು, ನಾವು ಮಾತು ಬಿಟ್ಟಿರುವ ಬಂಧುಗಳು ಇಬ್ಬರೇ. ಅವರ ನಂಬರುಗಳನ್ನು ಸಂತೋಷದಿಂದ ಲಗತ್ತಿಸಿದ್ದೇನೆ.