ಡಾ. ಗೋವಿಂದಣ್ಣನವರಿಗೆ ಅಭಿನಂದನೆ

ರಾಗಿಗುಡ್ಡದ ತಿರುವಿನಲ್ಲಿ ಎರಡು ಬಿದಿರುಗಳ ನಡುವೆ ಒಂದು ಫ್ಲೆಕ್ಸು ನಿಂತಿತ್ತು. ಗಾಳಿಯಿರಲಿಲ್ಲ, ಅದರ ಒಂದು ಮಡಿಕೆಯೂ ಅಲುಗುತ್ತಿರಲಿಲ್ಲ. ನೀಲಿ ಹಿನ್ನೆಲೆಯ ನಡುವೆ, ಕೆಂಪು ನಿಲುವಂಗಿ ತೊಟ್ಟ, ದಪ್ಪ ಕನ್ನಡಕದ ಮುಖವೊಂದು, ತನ್ನ ಮದುವೆಗೆ ತಾನೇ ತಡವಾಗಿ ಬಂದವನಂತೆ ಮೆಲ್ಲಗೆ ನಗುತ್ತಿತ್ತು. ಕೆಳಗೆ ಹಳದಿ ಅಕ್ಷರ: 'ಶಾಸನಗಳಲ್ಲಿ ಅಳತೆ-ತೂಕ ಕುರಿತು ಪಿಎಚ್‌ಡಿ ಪಡೆದ ನಮ್ಮ ಬೀದಿಯ ಹೆಮ್ಮೆ, ಡಾ. ಗೋವಿಂದಣ್ಣನವರಿಗೆ ಅಭಿನಂದನೆಗಳು.'

ಆ ಮುಖದ ಒಡೆಯ ಅದರೆದುರು ಕೈಚೀಲ ಹಿಡಿದು ನಿಂತಿದ್ದ. ದಾಖಲೆಗಳಲ್ಲಿ ಅವನು ಶಂಕರನಾರಾಯಣ. ಮನೆಗೆ ಗೋವಿಂದ, ಬೀದಿಗೆ ಗೋವಿಂದಣ್ಣ. ಅತಿಥಿ ಉಪನ್ಯಾಸಕನ ಕೆಲಸ ಈ ವರ್ಷ ಕೈಬಿಟ್ಟಿತ್ತು. ಬೇರೆ ಮೂರು ಕಡೆ, 'ಇಷ್ಟು ಓದಿದವರು ನಮ್ಮಲ್ಲಿ ನಿಲ್ಲುವುದಿಲ್ಲ' ಎಂದು ಚಹಾ ಕೊಟ್ಟು ಕಳಿಸಿದ್ದರು. ಆದ್ದರಿಂದ ಇಂದು ಮಾಚೇನಹಳ್ಳಿಯ ತಕ್ಕಡಿ ಕಾರ್ಖಾನೆಗೆ, ಸ್ಟೋರ್‌ಕೀಪರ್ ಹುದ್ದೆಗಾಗಿ, ಬರಿಯ ಬಿ.ಎ. ಆಗಿ ಹೊರಟಿದ್ದ. ಇದೂ ತಪ್ಪಿದರೆ ಸಂಸಾರಸಮೇತ ಭದ್ರಾವತಿಯ ಮಾವನ ಮನೆ ಸೇರಬೇಕು. ಮಾವ ಆಗಲೇ ಒಂದು ಕೋಣೆಗೆ ಸುಣ್ಣ ಹೊಡೆಸಿದ್ದರು.

ಎದುರಿನ ಸೈಕಲ್ ಅಂಗಡಿಯಿಂದ ನಸರುಲ್ಲಾ ಕೈ ಒರೆಸಿಕೊಳ್ಳುತ್ತ ಬಂದರು.

"ಹೆಂಗಿದೆ ಮಾರಾಯ್ರೇ?"

"ನಸರುಲ್ಲಾ ಭಾಯ್, ದಮ್ಮಯ್ಯ, ಇಳಿಸಿಬಿಡಿ ಇದನ್ನ."

"ಏ, ನಾಚ್ಕೆ ಎಂಥದ್ದು? ಒಂದಲ್ಲ, ಎರಡು ಮಾಡ್ಸಿದೀವಿ."

"ಇನ್ನೊಂದೆಲ್ಲಿ?"

"ನೀವು ಇಂಟರ್‌ವ್ಯೂಗೆ ಹೋಗ್ತೀರಂತಲ್ಲ, ವಿಮಲಕ್ಕ ಹೇಳಿದ್ರು. ಆ ಫ್ಯಾಕ್ಟರಿ ಗೇಟಿನ ಎದುರಿಗೇ! ಓನರ್ ಕಣ್ಣಿಗೆ ಬೀಳ್ಬೇಕಲ್ಲ?"

ಹೆಂಡತಿಯ ಹೆಸರು ಕೇಳಿ ಗೋವಿಂದ ಬಸ್ಸಿನ ಕಡೆ ಹೆಜ್ಜೆ ಹಾಕಿದ. ಫ್ಲೆಕ್ಸಿನ ಮುಖದ ಗುರುತು ಸಿಗದಿರಲೆಂದು ಬಸ್ಸಿನಲ್ಲಿ ಬೈತಲೆ ಬದಲಿಸಿದ, ಕನ್ನಡಕ ಜೇಬಿಗಿಳಿಸಿದ. ಜಗತ್ತು ನೀರು ಬಿದ್ದ ಚಿತ್ರದಂತೆ ಕಲಸಿಹೋಯಿತು. ಗೇಟಿನೆದುರು ತನ್ನದೇ ಮುಖ ನೀಲಿ ಮೋಡವಾಗಿ ಕಂಡಾಗ ತಲೆ ತಗ್ಗಿಸಿ ದಾಟಿದ. ಒಳಗೆ, ಕುರ್ಚಿಗೆ ನೇತುಹಾಕಿದ್ದ ಕೋಟಿಗೆ ಬಹಳ ವಿನಯದಿಂದ ನಮಸ್ಕರಿಸಿದ. ಮಾಲೀಕ ಗುರುಪ್ರಸಾದ್ ಕಿಟಕಿಯ ಬಳಿಯಿಂದ ಕೆಮ್ಮಿದರು.

"ಹೊರಗೆ ಫ್ಲೆಕ್ಸಿನಲ್ಲಿರೋರು ನಿಮಗೇನಾಗ್ಬೇಕು? ಥೇಟ್ ನಿಮ್ಮದೇ ಮುಖ."

"ಅಣ್ಣ, ಸಾರ್. ಅವಳಿ." ಸುಳ್ಳಿನ ಅಭ್ಯಾಸವಿಲ್ಲದ್ದರಿಂದ ಅವನು ಅಳತೆ ಮೀರಿದ: "ಓದ್ತಾನೇ ಇದ್ದ, ಹಾಳಾದ. ನಾನು ಬಿ.ಎ.ಗೇ ನಿಲ್ಲಿಸಿದೆ."

"ಛೇ, ಹಾಗನ್ಬೇಡಿ. ನಮ್ಮಪ್ಪ ಹಳೇ ತಕ್ಕಡಿ, ತೂಕದ ಕಲ್ಲು ರಾಶಿ ಕೂಡಿಟ್ಟಿದಾರೆ. ಮ್ಯೂಸಿಯಂ ಮಾಡ್ತಿದೀನಿ. ಅದು ಗೊತ್ತಿರೋ ಡಾಕ್ಟರೇಟ್ ಆದೋರನ್ನ ಮೂರು ತಿಂಗಳಿಂದ ಹುಡುಕ್ತಿದ್ದೆ. ಬೆಳಿಗ್ಗೆ ನೋಡಿದ್ರೆ ಗೇಟಲ್ಲೇ ನಿಂತಿದಾರೆ! ಸ್ಟೋರಿಗೆ ನಿನ್ನೆನೇ ಒಬ್ಬರನ್ನ ತಗೊಂಡಾಯ್ತು. ನಿಮ್ಮಣ್ಣನ್ನ ಕಳಿಸಿ."

ಗೋವಿಂದ ಜೇಬಿನಿಂದ ಕನ್ನಡಕ ತೆಗೆದು ಮೂಗಿಗೇರಿಸಿದ. "ಸಾರ್, ಅದು ನಾನೇ!"

ಗುರುಪ್ರಸಾದ್ ಅರ್ಜಿಯ ಮೇಲೆ ಬೆರಳಿಟ್ಟರು. "ನೀವು ಶಂಕರನಾರಾಯಣ. ಅವರು ಗೋವಿಂದಣ್ಣ."

"ಅದು ಮನೇಲಿ ಕರೆಯೋ ಹೆಸರು ಸಾರ್. ಪಿಎಚ್‌ಡಿ ಸರ್ಟಿಫಿಕೇಟು ಮನೇಲೇ ಇದೆ."

"ಇರತ್ತೆ. ಅಣ್ಣಂದು."

"ಫೋಟೋ ನೋಡಿ ಸಾರ್, ಇದೇ ಕನ್ನಡಕ!"

"ಅದನ್ನೂ ತಂದಿದೀರಾ?" ಗುರುಪ್ರಸಾದರ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು. "ಒಡಹುಟ್ಟಿದವರ ಅನ್ನಕ್ಕೆ ಕಲ್ಲು ಹಾಕ್ಬಾರದು. ನಾಳೆ ಇಬ್ಬರೂ ಒಟ್ಟಿಗೆ ಬನ್ನಿ. ಪಕ್ಕಪಕ್ಕ ನಿಲ್ಲಿಸಿ ನೋಡದೆ ನಾನಂತೂ ಕೆಲಸ ಕೊಡೋನಲ್ಲ."

ಗೋವಿಂದ ಅರ್ಜಿಯನ್ನು ಮಡಚಿಕೊಂಡು ಎದ್ದ. ಸ್ಪ್ರಿಂಗಿನ ಬಾಗಿಲು ಅವನನ್ನು ಹೊರಗೆ ಬಿಟ್ಟು, ಇನ್ನೊಬ್ಬರು ಬರಬಹುದೆಂಬಂತೆ ಕ್ಷಣಕಾಲ ತಡೆದು, ಮೆಲ್ಲಗೆ ಮುಚ್ಚಿಕೊಂಡಿತು.