ಚಿಕ್ಕಮ್ಮನ ಡೇಟಾಬೇಸಿಗೆ ಬಾಗಿಲು ಬೇಕೆ?

ನನ್ನ ಚಿಕ್ಕಮ್ಮನಿಗೆ ಈ ಲೋಕದಲ್ಲಿ ಶತ್ರುಗಳೇ ಇಲ್ಲ, ಬ್ರೌಸರ್ ಒಂದನ್ನು ಬಿಟ್ಟರೆ! ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಅವಳು ಡೇಟಾಬೇಸ್ ನೋಡಿಕೊಳ್ಳುತ್ತಾಳೆ. ಯಾವ ಅಚ್ಚು ಎಲ್ಲಿದೆ, ಯಾವ ಆರ್ಡರ್ ಯಾರದು ಎಂಬುದೆಲ್ಲ ಅಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಕೋಷ್ಟಕಗಳಲ್ಲಿದೆ. ಯಾರಿಗೆ ಏನು ಬೇಕಿದ್ದರೂ ಅವಳಿಗೆ ಫೋನ್ ಮಾಡಬೇಕು. ಅವಳು ನೋಡಿ ಹೇಳಬೇಕು.

ಕೋಟೆ ಬಡಾವಣೆಯಲ್ಲಿರುವ ಅವಳ ಮನೆಯಲ್ಲೂ ಇದೇ ಕಾನೂನು. ಫ್ರಿಜ್ಜಿಗೆ ಬೇರೆಯವರು ಕೈ ಹಾಕುವಂತಿಲ್ಲ. ಮೊಸರು ಬೇಕೆಂದ ಚಿಕ್ಕಪ್ಪನನ್ನೇ "ಯಾವತ್ತಿಂದು?" ಎಂದು ಕೇಳಿದವಳು ಅವಳು.

ನಾನು ವೆಬ್‌ಸೈಟ್ ಕಟ್ಟಿ ಬದುಕುವವನು. ಸುಮ್ಮನಿರಲಾದೀತೆ? ಕಾಗದನಗರದ ನೆಂಟರ ಮನೆಯಲ್ಲಿ ನಾಮಕರಣದ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ: ಡೇಟಾಬೇಸೇ ವೆಬ್‌ಸೈಟುಗಳ ಭಾಷೆಯಾದ ಎಚ್‌ಟಿಟಿಪಿಯಲ್ಲಿ ಮಾತಾಡುವಂತಿದ್ದರೆ, ಬ್ರೌಸರಿನಲ್ಲಿ ವಿಳಾಸ ಒತ್ತಿದರೆ ಸಾಕು, ಉತ್ತರ ನೇರ ಮೊಬೈಲಿಗೆ ಬರುತ್ತದೆ, ನಡುವೆ ಯಾರೂ ಬೇಡ.

ಚಿಕ್ಕಮ್ಮ ಹೋಳಿಗೆ ಮುರಿಯುವುದನ್ನು ನಿಲ್ಲಿಸಿದಳು. "ಕೇಳಿದವ್ರಿಗೆಲ್ಲ ಬಾಯಿ ಬಿಟ್ರೆ ಅದು ಡೇಟಾಬೇಸ್ ಅಲ್ಲ ಮಾರಾಯ, ಪಕ್ಕದ್ಮನೆಯವ್ರು."

ಇಡೀ ಪಂಕ್ತಿ ನಕ್ಕಿತು, ಪಕ್ಕದ ಮನೆಯವರನ್ನು ಬಿಟ್ಟು.

ಅವಳ ವಾದ ಗಟ್ಟಿಯಾಗಿಯೇ ಇತ್ತು. ಬಾಗಿಲು ತೆರೆದರೆ ಕಳ್ಳನೂ ಬರುತ್ತಾನೆ. ಯಾರೋ ತಲೆಕೆಟ್ಟ ಪ್ರಶ್ನೆ ಕೇಳಿ ಕಂಪ್ಯೂಟರನ್ನೇ ಮಲಗಿಸುತ್ತಾನೆ. ಪಾಸ್‌ವರ್ಡ್ ಇಡಬಹುದು, ಓದಲು ಮಾತ್ರ ಬಿಡಬಹುದು ಎಂದು ನಾನು. ಹಬ್ಬ ಹಬ್ಬಕ್ಕೂ ಇದೇ ಜಗಳ. ಅವಳು ಒಂದಿಂಚೂ ಕದಲಲಿಲ್ಲ.

ಹೀಗಿರುವಾಗ ಮೊನ್ನೆ ಅವಳೇ ನನ್ನನ್ನು ಕಾರ್ಖಾನೆಗೆ ಕರೆಸಿದಳು. ಡೇಟಾಬೇಸಿಗೆ ಎಚ್‌ಟಿಟಿಪಿ ಬಾಗಿಲು ಇಟ್ಟಾಗಿತ್ತು! ಕಾರ್ಖಾನೆಯೊಳಗಿನವರಿಗಷ್ಟೇ, ಓದಲಷ್ಟೇ. ಅದನ್ನು ಒಡೆದು ನುಗ್ಗಲು ನೋಡು ಎಂದು ನನ್ನನ್ನು ಕೂರಿಸಿದಳು. ಬೆಳಗ್ಗೆಯೆಲ್ಲ ಹೆಣಗಿ ಸೋತೆ.

"ಆದ್ರೂ ಕೊನೆಗೆ ನಾನೇ ಗೆದ್ದೆ ಅಲ್ವಾ ಚಿಕ್ಕಮ್ಮ?" ಎಂದೆ.

ಅವಳು ಉತ್ತರವಾಗಿ ಒಬ್ಬರ ಸುದ್ದಿ ಹೇಳಿದಳು. ಭದ್ರಾವತಿಯಿಂದ ಬರುವ, ಅಚ್ಚು ಮಾಡುವ ಹಿರಿಯರೊಬ್ಬರಿಗೆ ಯಂತ್ರದ ಸದ್ದಿನಲ್ಲೇ ದುಡಿದು ಕಿವಿ ಪೂರ್ತಿ ಹೋಗಿದೆ. ಫೋನ್ ಮಾಡಲಾರದೆ, ಅಂಗಳ ದಾಟಿ ಬಂದು ಅವಳ ಕಿಟಕಿಯಲ್ಲಿ ಚೀಟಿ ಹಿಡಿದು ನಿಲ್ಲುತ್ತಿದ್ದರು. ಹಿಂದಿನ ವಾರ ಒಂದರ ಮೇಲೊಂದು ಫೋನು. ಚಿಕ್ಕಮ್ಮ ತಲೆ ಎತ್ತಿದಾಗ ಊಟದ ಹೊತ್ತು ಮೀರಿತ್ತು, ಅವರು ಅಲ್ಲೇ ಇದ್ದರು. ಬೇಸರಿಸದೆ, ನಕ್ಕು ಚೀಟಿ ಚಾಚಿದರಂತೆ.

"ಗೆಲ್ಲೋದೇನ್ ಬಂತೋ," ಎಂದಳು ಚಿಕ್ಕಮ್ಮ. "ಆ ಮನುಷ್ಯ ನಿಂತೇ ಇದ್ರು ಕಣೋ. ನಾನು ಯಾರ್ಯಾರಿಗೋ ಹಲೋ ಹಲೋ ಅಂತಿದ್ದೆ."

ಆಮೇಲೆ ತಾನೇ ಅಚ್ಚು ಮಾಡುವ ಶೆಡ್ಡಿಗೆ ಹೋಗಿ ಆ ಹಿರಿಯರ ಮೊಬೈಲಿನಲ್ಲಿ ಆ ಪುಟ ತೆರೆದುಕೊಟ್ಟಳು. ಅವರು ಒಂದು ಅಚ್ಚಿನ ನಂಬರ್ ಒತ್ತಿದರು, ಉತ್ತರ ಬಂತು. ಇನ್ನೊಂದು ಒತ್ತಿದರು, ಅದಕ್ಕೂ ಬಂತು. ಮತ್ತೊಂದು. ಯಾವುದೂ ಆಗ ಬೇಕಾಗಿದ್ದಲ್ಲ. ಕೇಳುವ ಖುಷಿಗೆ ಕೇಳುತ್ತಿದ್ದರು. ಅತ್ತ ಚಿಕ್ಕಮ್ಮನ ಮೇಜಿನ ಫೋನು ಬಡಿದುಕೊಳ್ಳುತ್ತಿತ್ತು. ಅವಳು ಅವರ ಪಕ್ಕ ಬಿಟ್ಟು ಕದಲಲಿಲ್ಲ.