ಸೋಮವಾರದ ಕೆಂಪು ಕಾಳು

ನನ್ನ ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಅದು ನನ್ನ ಹಾಗೆಯೇ ಅಡುಗೆ ಮಾಡುತ್ತದೆ. ಇಲ್ಲದ್ದನ್ನು ಸೇರಿಸಿ, ಸೀದು ಹೋದದ್ದನ್ನು ಕೆರೆದು ತೆಗೆದು, ಮೇಲೆ ಕೊತ್ತಂಬರಿ ಉದುರಿಸಿ ಮುಂದಿಡುತ್ತದೆ. ಆದ್ದರಿಂದ ಇಲ್ಲಿ ನಾನು ಜಾಣನಾಗಿ ಕಂಡ ಕಡೆಯೆಲ್ಲ ಓದುಗರು ಸ್ವಲ್ಪ ನೀರು ಬೆರೆಸಿಕೊಳ್ಳಬೇಕು. ಯಾವ ನೀರು ಎಂಬುದು ಮುಂದೆ ತಿಳಿಯುತ್ತದೆ.

ಹೆಂಡತಿ ಗಿರಿಜಾ ಮೆಟ್ಟಿಲಲ್ಲಿ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಆರು ವಾರ. "ಹರಿಹರದಿಂದ ನಿಮ್ಮಕ್ಕನ್ನ ಕರಸ್ರಿ" ಎಂದಳು. ಅಕ್ಕ ಕರೆದರೆ ಬರುತ್ತಾಳೆ, ಅದೇ ತೊಂದರೆ. ನೋಯುವ ಮೊಣಕಾಲಿನಲ್ಲಿ ಆರು ವಾರ ಒಲೆಯ ಮುಂದೆ ನಿಂತು, ನೋವೆಂದು ಒಮ್ಮೆಯೂ ಹೇಳದೆ ಹೋಗುತ್ತಾಳೆ. ಐವತ್ತು ದಾಟಿದ ಮೇಲೆ ನನಗೆ ಮೊದಲ ಸಲ ನಾಚಿಕೆಯಾಗಿ, "ನಾನೇ ಮಾಡ್ತೀನಿ" ಅಂದೆ. ಗಿರಿಜಾ ನನ್ನನ್ನು ನೋಡಿದ ರೀತಿಯನ್ನು ವರ್ಣಿಸುವುದಿಲ್ಲ. "ಸೋಮವಾರ ಅಕ್ಕಾರು ಊಟಕ್ಕೆ ಬರ್ಲಿ. ಅವರು ಉಂಡು ಸೈ ಅಂದ್ರೆ ಅಡಿಗೆಮನಿ ನಿಮ್ದು. ಇಲ್ಲಾಂದ್ರೆ ಅವರು ಇಲ್ಲೇ ಇರ್ಲಿ" ಎಂದು ತೀರ್ಪು ಕೊಟ್ಟಳು.

ಬುದ್ಧಿಯಿದ್ದವನು ಅನ್ನ ಸಾರು ಮಾಡುತ್ತಿದ್ದ. ನಾನು ಫೋನಿನಲ್ಲಿ ನೋಡಿದ್ದ, ಅಮೆರಿಕದ ದಕ್ಷಿಣ ಸೀಮೆಯವರ ಕೆಂಪು ಕಾಳು ಮತ್ತು ಅನ್ನ ಮಾಡಲು ಹೊರಟೆ. ಅಲ್ಲಿಯ ಹೆಂಗಸರು ಹಿಂದೆ ಸೋಮವಾರ ಬಟ್ಟೆ ಒಗೆಯುವಾಗ ಕಾಳಿನ ಪಾತ್ರೆಯನ್ನು ಸಣ್ಣ ಉರಿಯ ಮೇಲಿಟ್ಟು ಮರೆತುಬಿಡುತ್ತಿದ್ದರಂತೆ. ಮರೆತರೂ ಆಗುವ ಅಡುಗೆ ನನಗೆಂದೇ ಹುಟ್ಟಿದ್ದು ಅನ್ನಿಸಿತು. ಊರಂಚಿನ ಕರೂರಿನಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಗೂ ಸೋಮವಾರವೇ ರಜೆ. ರಾಜ್ಮಾ ನೆನೆಹಾಕಿದೆ. ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಪಲಾವ್ ಎಲೆ ಸಿಕ್ಕವು. ಸೆಲರಿ ಕೇಳಿದ್ದಕ್ಕೆ ಸೊಪ್ಪಿನವಳು, "ಅದ್ಯಾವ ಊರಿನ ಸೊಪ್ಪಪ್ಪಾ, ಕೊತ್ತಂಬ್ರಿ ದಂಟು ಹಾಕು, ಗೊತ್ತಾಗಲ್ಲ" ಎಂದಳು. ಮಾಂಸ ಹಾಕಬೇಕೆಂಬ ಸಾಲನ್ನು ಓದದವನಂತೆ ದಾಟಿದೆ.

ಮರೆತದ್ದು ಒಂದೇ. ಅಕ್ಕನಿಗೆ ಸೋಮವಾರ ಒಪ್ಪತ್ತು. ಇಡೀ ದಿನಕ್ಕೆ ಒಂದೇ ಊಟ. ಆ ಊಟ ನನ್ನ ಪಾತ್ರೆಯಲ್ಲಿತ್ತು.

ಹನ್ನೊಂದಕ್ಕೆ ಬಂದ ಅಕ್ಕ ಒಂದು ಗಂಟೆಗೆ, "ಏನೋ ತಮ್ಮಾ, ಸೀಟೀನೇ ಕೇಳ್ಲಿಲ್ಲ" ಎಂದಳು. ಇದಕ್ಕೆ ಕುಕ್ಕರ್ ಬೇಡ, ನಿಧಾನವಾಗಿ ಬೇಯಬೇಕು ಎಂದೆ. "ಬೇಯ್ಲಿ ಬೇಯ್ಲಿ." ಎರಡಕ್ಕೆ ಒಂದು ಕಾಳು ಹಿಚುಕಿದೆ. ಅದೇ ನನ್ನ ಬೆರಳನ್ನು ಹಿಚುಕಿತು. ಗಿರಿಜಾ ಪ್ಲಾಸ್ಟರ್ ಕೈ ಎತ್ತಿ ಗಡಿಯಾರ ತೋರಿಸಿದಳು. ಅಕ್ಕನ ಮುಖ ಬಾಡಿತ್ತು. ಆಗ ನಗು ಬಂದಿರಲಿಲ್ಲ, ಬರೆಯುವಾಗ ಬರುತ್ತಿದೆ. ನೆನಪಿನ ಮೋಸ ಇಂಥದ್ದು.

ಅಕ್ಕ ಎದ್ದು ಬಂದಳು. ಸೌಟು ಕಿತ್ತುಕೊಳ್ಳುತ್ತಾಳೆ ಎಂದುಕೊಂಡೆ. ಕಿತ್ತುಕೊಳ್ಳಲಿಲ್ಲ.

"ಯಾವ ನೀರು ಹಾಕಿದ್ಯೋ?"

"ನಳದ್ದು."

"ನಳದಾಗೆ ಬರೋದು ಬೋರಿನ ನೀರು ಅಲ್ಲೇನೋ? ಅದರಾಗೆ ಬ್ಯಾಳೇನೇ ಬೇಯಲ್ಲ, ಇದು ಕಲ್ಲಿನಂಥ ಕಾಳು. ಚೆಲ್ಲು. ಹೊಳೆ ನೀರು ಹಾಕು, ಚಿಟಿಕೆ ಸೋಡಾ ಹಾಕು. ನಾ ಕಾಯ್ತೀನಿ."

ಬೀದಿಯ ನಳಕ್ಕೆ ಹೊಳೆ ನೀರು ಬಿಟ್ಟ ದಿನ ಗಿರಿಜಾ ಅದನ್ನು ಡ್ರಮ್ಮಿನಲ್ಲಿ ಹಿಡಿದಿಡುತ್ತಾಳೆ. ಅದು ಕುಡಿಯಲಿಕ್ಕೆ ಮಾತ್ರ ಎಂದು ತಿಳಿದು, ಉಳಿಸುವ ಜಾಣತನದಲ್ಲಿ ನಾನು ಗಡಸು ನೀರು ಸುರಿದಿದ್ದೆ. "ಇಪ್ಪತ್ತೈದು ವರ್ಷದಿಂದ ಆ ಡ್ರಮ್ಮು ಒಲೆ ಪಕ್ಕದಾಗೇ ಐತೆ. ಯಾಕ ಅಂತ ಒಂದಿನನಾದ್ರೂ ಕೇಳಿದ್ರಾ?" ಎಂದಳು ಗಿರಿಜಾ. ಕೇಳಿರಲಿಲ್ಲ.

ನಾಲ್ಕಕ್ಕೆ ಕಾಳು ಬೆಣ್ಣೆಯಾಯಿತು. ಸೌಟಿನ ಬೆನ್ನಿನಿಂದ ಅರ್ಧ ಮಸೆದು, ಬಿಸಿ ಅನ್ನದ ಮೇಲೆ ಹಾಕಿ ಕೊಟ್ಟೆ. ಅಕ್ಕ ಉಂಡು, ಇನ್ನೊಂದು ಸಲ ಹಾಕಿಸಿಕೊಂಡಳು. ಕೈತೊಳೆದು, "ಸೈ. ಮುಂದಿನ ಸೋಮವಾರನೂ ಬರ್ತೀನಿ, ನೀನೇ ಮಾಡು. ಆದ್ರೆ ನಾ ಬರೋದು ನಾಲ್ಕು ಗಂಟೆಗೇ" ಎಂದು ಹರಿಹರದ ಬಸ್ಸು ಹಿಡಿದಳು.

ಕಾರ್ಖಾನೆಯಲ್ಲಿ ಈ ಕಥೆ ಹೇಳುವಾಗ ನೀರಿನ ದೋಷ ಕಂಡುಹಿಡಿದವನು ನಾನೇ. ಇಲ್ಲಿ ಪ್ರಾಮಾಣಿಕವಾಗಿ ಬರೆದು ಗಿರಿಜಾಗೆ ಓದಿ ಹೇಳಿದೆ. "ಎಲ್ಲಾ ಖರೆ. ಆದ್ರೆ ಅಕ್ಕಾರು ಎರಡನೇ ಸಲ ಹಾಕಿಸ್ಕೊಳ್ಳಲಿಲ್ಲ ಬಿಡ್ರಿ" ಎಂದಳು. ಅಕ್ಕ ಇನ್ನೊಂದು ಸಲ ಹಾಕಿಸಿಕೊಂಡಳೆಂಬ ಸಾಲನ್ನು ನಾನು ಹೊಡೆದುಹಾಕಿಲ್ಲ. ಪ್ಲಾಸ್ಟರ್ ತೆಗೆಯುವ ಮೊದಲು ಅಕ್ಕ ಊಟಕ್ಕೆ ಬರುವ ಸೋಮವಾರ ಇನ್ನೂ ಮೂರು ಇವೆ. ಅದು ನಿಜವಾಗಲು ಅಷ್ಟು ಸಾಕು.